ಹಿಂದಿನ ಟೈರು 11 ಸಾವಿರ ಕಿಲೋಮೀಟರಿಗೇ ತಂತಿ ಬಿಟ್ಟಿದೆ, ಜಾಸ್ತಿ ಬಾಳಿಕೆ ಬರುವುದು ಯಾವುದು ಹಾಕಲಿ?

ಕೆಲಗೇರಿ_ಕೆರೆ (ಧಾರವಾಡ):

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಪೂರ್ತಿ ಓದಿ ಹೇಳಿ.

ಎರಡು ವರ್ಷದ ಹಿಂದೆ ಎರಡು ಸೀಟಿನ ಒಂದು ಸ್ಪೋರ್ಟ್ಸ್ ಕಾರನ್ನು ಸೆಕೆಂಡ್ ಹ್ಯಾಂಡಲ್ಲಿ ತಗೊಂಡೆ. ಆರು ಸಿಲಿಂಡರಿನ 3 ಲೀಟರ್ ಪೆಟ್ರೋಲ್ ಎಂಜಿನ್, ಪವರ್ ಪೂರ್ತಿ ಹಿಂದಿನ ಗಾಲಿಗೆ. ಟೈರಿನ ಅಳತೆ ಮುಂದೆ 225/40 ಆರ್18, ಹಿಂದೆ 255/35 ಆರ್18 (ಅಗಲ ಎಷ್ಟು ಮಿಲಿಮೀಟರ್, ಗೋಡೆಯ ಎತ್ತರ ಆ ಅಗಲದ ನೂರಕ್ಕೆ ಎಷ್ಟು, ರಿಮ್ ಎಷ್ಟು ಇಂಚು ಅಂತ). ನಾಲ್ಕೂ ರನ್‌ಫ್ಲಾಟ್, ಅಂದರೆ ಗಾಳಿ ಹೋದರೂ ಸ್ವಲ್ಪ ದೂರ ಓಡುವಂಥವು. ಹತ್ತು ವರ್ಷ ದುಡ್ಡು ಕೂಡಿಸಿ ತಗೊಂಡ ಗಾಡಿ ಇದು. ಹಾಗಾಗಿ ತಗೊಂಡ ವಾರದಲ್ಲೇ ನಾಲ್ಕೂ ಟೈರು ಹೊಸದು ಹಾಕಿಸಿದ್ದೆ.

ಮೊನ್ನೆ ಭಾನುವಾರ ದಾಂಡೇಲಿಗೆ ಹೋಗಿ ಹಳಿಯಾಳದ ಮೇಲೆ ವಾಪಸ್ ಬರುತ್ತಿದ್ದೆ. ಧಾರವಾಡ ಇನ್ನೂ ಐದಾರು ಕಿಲೋಮೀಟರ್ ಇದೆ ಅನ್ನುವಾಗ ಗಾಳಿ ಕಮ್ಮಿ ಅಂತ ದೀಪ ಹತ್ತಿತು. ರಸ್ತೆ ಪಕ್ಕದ ಪಂಕ್ಚರ್ ಅಂಗಡಿಯಲ್ಲಿ ನಿಲ್ಲಿಸಿದೆ. ಅಲ್ಲಿದ್ದ ಹುಡುಗ ಮೊಳೆ ಹುಡುಕುತ್ತಾ ಹಿಂದಿನ ಟೈರಿನ ಒಳಮಗ್ಗುಲಿಗೆ ಕೈ ಹಾಕಿ ಸವರಿದ. ತಟ್ಟನೆ ಕೈ ಎಳೆದುಕೊಂಡ. ಬೆರಳ ತುದಿಯಲ್ಲಿ ರಕ್ತ. ಮೊಬೈಲ್ ಟಾರ್ಚ್ ಹಾಕಿ ಬಗ್ಗಿ ನೋಡಿದರೆ ಒಳಅಂಚಿನಲ್ಲಿ ಎರಡು ಬೆರಳಿನಷ್ಟು ಅಗಲ ರಬ್ಬರೇ ಇಲ್ಲ, ತುಕ್ಕು ಬಣ್ಣದ ಸಣ್ಣ ಸಣ್ಣ ತಂತಿ ಹೊರಗೆ ಚಾಚಿಕೊಂಡಿದೆ. ಹೊರಗಡೆಯಿಂದ ನೋಡಿದರೆ ಅದೇ ಟೈರು ಹೊಸದರ ಹಾಗೆ ಕಾಣುತ್ತದೆ! ಹೊರಗಿನ ಕಚ್ಚು ಅಳೆದೆ, ಇನ್ನೂ 5 ಮಿಲಿಮೀಟರ್ ಇದೆ. ಇನ್ನೊಂದು ಬದಿಯ ಟೈರಿಗೂ ಇದೇ ರೋಗ, ಸ್ವಲ್ಪ ಕಮ್ಮಿ. ಆ ಹುಡುಗನ ಬೆರಳಿಗೆ ಪಟ್ಟಿ ಕಟ್ಟಿಸಿ ಬಂದೆ, ಮನಸ್ಸಿಗೆ ಭಾಳ ಬೇಜಾರಾಯಿತು. ಅದೇ ಟೈರಿನಲ್ಲಿ ಹಿಂದಿನ ವಾರ ಹೆಂಡತಿಯನ್ನು ಕೂರಿಸಿಕೊಂಡು ಅರಬೈಲ್ ಘಾಟ್ ಇಳಿದಿದ್ದೆ.

ಓಡಿದ್ದು ಬರೀ 11,000 ಕಿಲೋಮೀಟರ್. ವಾರಕ್ಕೆ ಮೂರು ದಿನ ಬೈಪಾಸ್ ಹಿಡಿದು ಹುಬ್ಬಳ್ಳಿಗೆ ಹೋಗುತ್ತೇನೆ, ಭಾನುವಾರ ಎಲ್ಲಾದರೂ ಒಂದು ಸುತ್ತು. ಸಿಗ್ನಲ್‌ನಲ್ಲಿ ಗಾಲಿ ತಿರುಗಿಸಿ ಹೊಗೆ ಎಬ್ಬಿಸುವ ಚಾಳಿ ನನಗಿಲ್ಲ. ಎರಡು ಸಲ ಅಲೈನ್‌ಮೆಂಟ್ (ಗಾಲಿಗಳ ಕೋನ ಹೊಂದಿಸುವುದು) ಮಾಡಿಸಿದ್ದೇನೆ, ಎರಡು ಸಲವೂ ಎಲ್ಲಾ ಹಸಿರು ಬಂದಿದೆ ಅಂತ ಚೀಟಿ ಕೊಟ್ಟಿದ್ದಾರೆ. ಈಗ ಕೇಳಿದರೆ "ಸ್ಪೋರ್ಟ್ಸ್ ಟೈರು ಮೆತ್ತಗಿರ್ತಾವ್ರೀ, ಅಷ್ಟೇ ಬಾಳಿಕೆ, ಗಟ್ಟಿ ರಬ್ಬರಿನದು ಹಾಕಿಬಿಡಿ" ಅನ್ನುತ್ತಾರೆ. ಒಂದು ಜೋಡಿಗೆ ಅರ್ಧ ಲಕ್ಷದ ಹತ್ತಿರ ಹೋಗುತ್ತದೆ, ವರ್ಷ ವರ್ಷ ಇದು ನನ್ನಿಂದ ಆಗದು.

ಜಾಸ್ತಿ ಓಡುವ ಟೈರು ಯಾವುದು? ರನ್‌ಫ್ಲಾಟೇ ಬೇಕಾ? ಅಳತೆ ಬದಲಿಸಿದರೆ ಉಪಯೋಗ ಆಗುತ್ತಾ?


ಅಲೈನ್‌ಮೆಂಟ್_ಅಣ್ಣ (ಗೋಕುಲ ರಸ್ತೆ, ಹುಬ್ಬಳ್ಳಿ):

ಸರ್, ಹೊಸ ಟೈರಿಗೆ ಈಗಲೇ ದುಡ್ಡು ಕೊಡಬೇಡಿ. ಹೊರಗೆ 5 ಮಿಲಿಮೀಟರ್ ಉಳಿದು ಒಳಗೆ ತಂತಿ ಕಂಡಿದೆ ಅಂದರೆ ತಪ್ಪು ರಬ್ಬರಿನದ್ದಲ್ಲ. ಮೆತ್ತಗಿನ ರಬ್ಬರಾದರೆ ಇಡೀ ಅಗಲಕ್ಕೆ ಒಂದೇ ಸಮ ಸವೆಯಬೇಕಿತ್ತು, ಅಲ್ವಾ? ನಿಮ್ಮದು ಒಂದೇ ಅಂಚು ತಿಂದಿದೆ. ಇದರ ಮೇಲೆ ಎಷ್ಟು ಗಟ್ಟಿ ಟೈರು ಹಾಕಿದರೂ ಅದನ್ನೂ ತಿನ್ನುತ್ತದೆ, ಮೂರ್ನಾಲ್ಕು ತಿಂಗಳು ತಡವಾಗಿ.

ಹದಿನಾರು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಇಂಥ ಗಾಡಿಗಳ ಹಿಂದಿನ ಗಾಲಿಯನ್ನು ಕಂಪನಿಯವರೇ ಮೇಲ್ಭಾಗ ಒಳಕ್ಕೆ ಬಾಗಿಸಿ ಕೂರಿಸಿರುತ್ತಾರೆ. ಅದಕ್ಕೆ ನೆಗೆಟಿವ್ ಕ್ಯಾಂಬರ್ ಅನ್ನುತ್ತೇವೆ. ತಿರುವಿನಲ್ಲಿ ಗಾಡಿ ವಾಲಿದಾಗ ಹೊರಗಿನ ಗಾಲಿ ಪೂರ್ತಿ ಅಗಲ ನೆಲಕ್ಕೆ ಹತ್ತಲಿ ಅಂತ. ಆದರೆ ನೀವು ಬೈಪಾಸಿನಲ್ಲಿ ನೆಟ್ಟಗೆ ಓಡಿಸುವಾಗ ಭಾರ ಒಳಅಂಚಿನ ಮೇಲೇ ಜಾಸ್ತಿ ಬೀಳುತ್ತದೆ. ಇದು ಇದ್ದದ್ದೇ. ಇದೊಂದರಿಂದಲೇ 11 ಸಾವಿರಕ್ಕೆ ತಂತಿ ಬರುವುದಿಲ್ಲ. ಕ್ಯಾಂಬರ್ ಜೊತೆಗೆ ಟೋ ಕೆಟ್ಟಾಗ ಮಾತ್ರ ಹೀಗಾಗುತ್ತದೆ.

ಟೋ ಅಂದರೆ ಗಾಲಿಯ ಮೂತಿ ನೆಟ್ಟಗಿದೆಯೋ ಒಳಕ್ಕೆ ಹೊರಕ್ಕೆ ತಿರುಗಿದೆಯೋ ಅನ್ನುವುದು. ಕಾಲು ಡಿಗ್ರಿ ತಪ್ಪಿದರೆ ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಆದರೆ ಲೆಕ್ಕ ಹಾಕಿ ನೋಡಿ. ಕಾಲು ಡಿಗ್ರಿ ಓರೆ ನಿಂತ ಗಾಲಿ ಒಂದು ಕಿಲೋಮೀಟರ್ ಮುಂದೆ ಹೋಗುವಷ್ಟರಲ್ಲಿ ಸುಮಾರು 4.4 ಮೀಟರ್ ಅಡ್ಡಕ್ಕೆ ಹೋಗಬೇಕು ಅನ್ನುತ್ತದೆ. ಗಾಡಿ ಬಿಡುವುದಿಲ್ಲ, ನೆಟ್ಟಗೆ ಎಳೆದುಕೊಂಡು ಹೋಗುತ್ತದೆ. ಆ ಎಳೆದಾಟ ಎಲ್ಲಾ ರಬ್ಬರಿನ ಮೇಲೆ. ಧಾರವಾಡದಿಂದ ಹುಬ್ಬಳ್ಳಿಗೆ 20 ಕಿಲೋಮೀಟರ್ ಹಿಡಿಯಿರಿ, ದಿನಾ ಹೋಗಿ ಬರುವಷ್ಟರಲ್ಲಿ ನೂರೆಪ್ಪತ್ತು ಮೀಟರಿಗೂ ಜಾಸ್ತಿ ಟೈರನ್ನು ಅಡ್ಡಡ್ಡ ಉಜ್ಜಿದ ಹಾಗೆ.

ಈಗ ಒಂದು ಕೆಲಸ ಮಾಡಿ. ತಂತಿ ಇಲ್ಲದ ಕಡೆ ನೋಡಿಕೊಂಡು ಟೈರಿನ ಮೇಲೆ ಅಂಗೈ ಇಟ್ಟು ಹೊರಗಿನಿಂದ ಒಳಕ್ಕೆ ಒಮ್ಮೆ ಸವರಿ, ಮತ್ತೆ ಒಳಗಿನಿಂದ ಹೊರಕ್ಕೆ ಸವರಿ. ಜೋಳದ ಗರಿಯ ಅಂಚು ಸವರಿದ ಹಾಗೆ ಒಂದು ಕಡೆಗೆ ನುಣ್ಣಗೆ, ಇನ್ನೊಂದು ಕಡೆಗೆ ಗರಗರ ಅಂದರೆ ಟೋ ಕೆಟ್ಟಿದೆ ಅಂತಲೇ ತಿಳಿಯಿರಿ. ಆಮೇಲೆ ಆ ಹಸಿರು ಚೀಟಿ ಹುಡುಕಿ. ಅದರಲ್ಲಿ ಹಿಂದಿನ ಗಾಲಿಯ ಸಾಲು ಇದೆಯಾ? ಮೊದಲಿನ ಅಳತೆ, ಆಮೇಲಿನ ಅಳತೆ ಬೇರೆ ಬೇರೆ ಇದೆಯಾ? ಇಲ್ಲಿ ಬರೆಯಿರಿ.


ಕೆಲಗೇರಿ_ಕೆರೆ (ಧಾರವಾಡ):

ಅಣ್ಣಾರೇ, ನೀವು ಹೇಳಿದ್ದು ಕೈಗೇ ಸಿಕ್ಕಿತು! ಹೊರಕ್ಕೆ ಸವರಿದರೆ ನುಣ್ಣಗೆ, ಒಳಕ್ಕೆ ಸವರಿದರೆ ಅಂಗೈ ಗೀಚುತ್ತದೆ. ಎಡಗಡೆ ಜಾಸ್ತಿ, ಬಲಗಡೆ ಕಮ್ಮಿ. ಎರಡು ವರ್ಷ ಈ ಗಾಡಿಯನ್ನು ನಾನೇ ಕೈಯಾರೆ ತೊಳೆದಿದ್ದೇನೆ, ಒಂದು ಸಲವೂ ಒಳಗೆ ಕೈ ಹಾಕಿ ನೋಡಿರಲಿಲ್ಲ.

ಚೀಟಿ ಎರಡೂ ಸಿಕ್ಕಿವೆ. ಒಂದರಲ್ಲಿ ಹಿಂದಿನ ಗಾಲಿಯ ಸಾಲೇ ಇಲ್ಲ, ಮುಂದಿನದಷ್ಟೇ. ಇನ್ನೊಂದರಲ್ಲಿ ಹಿಂದಿನದು ಇದೆ, ಆದರೆ ಮೊದಲಿನ ಅಳತೆ ಆಮೇಲಿನ ಅಳತೆ ಒಂದೇ, ಅಂಕಿಗಳೂ ಕೆಂಪಿನಲ್ಲೇ ಇವೆ. ಹಸಿರು ಇರುವುದು ಮುಂದಿನ ಸಾಲು ಮಾತ್ರ. ಅಂದರೆ ಹಿಂದಿನದನ್ನು ಯಾರೂ ಮುಟ್ಟಿಲ್ಲ ಅಂತಾನಾ? ಹಿಂದಿನ ಗಾಲಿಗೂ ಅಲೈನ್‌ಮೆಂಟ್ ಇರುತ್ತೆ ಅನ್ನುವುದೇ ನನಗೆ ಗೊತ್ತಿರಲಿಲ್ಲ.


ಅಲೈನ್‌ಮೆಂಟ್_ಅಣ್ಣ (ಗೋಕುಲ ರಸ್ತೆ, ಹುಬ್ಬಳ್ಳಿ):

ಹೌದ್ರೀ, ಯಾರೂ ಮುಟ್ಟಿಲ್ಲ. ನಮ್ಮ ಕಡೆ ಬರುವ ಸಣ್ಣ ಕಾರುಗಳಲ್ಲಿ ಹೆಚ್ಚಿನವಕ್ಕೆ ಹಿಂದಿನ ಆಕ್ಸಲ್ ಒಂದೇ ಗಟ್ಟಿ ತುಂಡು, ಹೊಂದಿಸಲು ಏನೂ ಇರುವುದಿಲ್ಲ. ಹಾಗಾಗಿ ಮುಂದಿನದು ಹೊಂದಿಸಿ ಕಳಿಸುವುದು ರೂಢಿ ಆಗಿಬಿಟ್ಟಿದೆ. ನಿಮ್ಮ ಗಾಡಿಯ ಹಿಂದೆ ಪ್ರತಿ ಗಾಲಿಗೂ ಅದನ್ನು ಗಾಡಿಗೆ ಹಿಡಿದಿಡುವ ಬೇರೆ ಬೇರೆ ಆರ್ಮ್ ಇವೆ. ಅವುಗಳ ಬೋಲ್ಟಿನ ತಲೆಯ ಹತ್ತಿರ ಓರೆ ವಾಷರ್ ಇರುತ್ತದೆ, ಅದನ್ನು ತಿರುಗಿಸಿದರೆ ಟೋ, ಕ್ಯಾಂಬರ್ ಬದಲಾಗುತ್ತವೆ. ಎಷ್ಟೋ ಗಾಡಿಗಳಲ್ಲಿ ಆ ಬೋಲ್ಟ್ ತುಕ್ಕು ಹಿಡಿದು ಕೂತಿರುತ್ತದೆ. ಎಣ್ಣೆ ಬಿಟ್ಟು ಒಂದು ರಾತ್ರಿ ನೆನೆಯಲು ಬಿಡಬೇಕು, ಜೋರು ಮಾಡಿದರೆ ತುಂಡಾಗುತ್ತದೆ.

ಅದಕ್ಕೂ ಮೊದಲು ಬುಷ್, ಅಂದರೆ ಆರ್ಮಿನ ಕೀಲಿನಲ್ಲಿ ಕೂರುವ ರಬ್ಬರ್ ತುಂಡು, ನೋಡಿಸಿ. ಇದನ್ನು ಒತ್ತಿ ಹೇಳುತ್ತೇನೆ. ಹಳೇ ಗಾಡಿಯಲ್ಲಿ ಹಿಂದಿನ ಆರ್ಮಿನ ರಬ್ಬರ್ ಬುಷ್ ಹರಿದಿದ್ದರೆ ಲಿಫ್ಟಿನ ಮೇಲೆ ಎಷ್ಟೇ ಚೆನ್ನಾಗಿ ಹೊಂದಿಸಿದರೂ ರಸ್ತೆಗೆ ಇಳಿದು ಆಕ್ಸಿಲರೇಟರ್ ಒತ್ತಿದ ಕೂಡಲೇ ಗಾಲಿ ತನಗೆ ಬೇಕಾದ ಕಡೆ ತಿರುಗುತ್ತದೆ. ಸಲಾಕೆ ಹಾಕಿ ಮೀಟಿ ನೋಡಿದರೆ ಗೊತ್ತಾಗುತ್ತದೆ. ನಿಮ್ಮದು ಎಡಗಡೆ ಜಾಸ್ತಿ ತಿಂದಿದೆ ಅಂದಿರಲ್ಲ, ನನಗೆ ಅಲ್ಲೇ ಅನುಮಾನ.

ಇನ್ನೊಂದು. ಕೆಲವು ಕಂಪನಿಗಳ ಅಳತೆ ಪುಸ್ತಕದಲ್ಲಿ ಸೀಟಿನ ಮೇಲೆ, ಡಿಕ್ಕಿಯಲ್ಲಿ ಇಂತಿಷ್ಟು ತೂಕ ಇಟ್ಟು, ಟ್ಯಾಂಕ್ ತುಂಬಿಸಿ ಅಳತೆ ತೆಗೆಯಿರಿ ಅಂತ ಇರುತ್ತದೆ. ಭಾರ ಬಿದ್ದಾಗ ಹಿಂದಿನ ಗಾಲಿಯ ಕೋನ ಬದಲಾಗುವುದರಿಂದ ಅದು ಮುಖ್ಯ. ನಿಮ್ಮ ಮಾಡೆಲಿಗೆ ಏನಿದೆ ನೋಡಿಸಿ.


ಎರೆನೆಲ_ಗದಗ:

ಅಲೈನ್‌ಮೆಂಟ್ ಅಣ್ಣಾರ ಮಾತಿಗೆ ನನ್ನದೂ ಒಂದಿಷ್ಟು ಸೇರಿಸುತ್ತೇನೆ. ನನ್ನದು ಟರ್ಬೊ ಹ್ಯಾಚ್‌ಬ್ಯಾಕ್, ಮುಂದಿನ ಗಾಲಿಗೆ ಪವರ್, ಹಾಗಾಗಿ ತಿನ್ನುವುದು ಮುಂದಿನ ಟೈರು. ಆದರೆ ಅಲೈನ್‌ಮೆಂಟ್ ಯಾಕೆ ಕೆಡುತ್ತದೆ ಅನ್ನುವುದು ಎಲ್ಲರಿಗೂ ಒಂದೇ.

ನಮ್ಮದು ಎರೆ ಭೂಮಿ. ಅಣ್ಣಿಗೇರಿ, ನವಲಗುಂದ, ರೋಣ, ಎಲ್ಲಿಗೇ ಹೋಗಿ, ರಸ್ತೆಯ ಕೆಳಗಿರುವುದು ಕಪ್ಪು ಮಣ್ಣು. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಅದರ ಮೇಲೆ ಹಾಸಿದ ಡಾಂಬರು ಎರಡು ವರ್ಷಕ್ಕೇ ಅಲೆ ಅಲೆ. ದೂರದಿಂದ ನೋಡಿದರೆ ರಸ್ತೆ ಚೆನ್ನಾಗಿಯೇ ಕಾಣುತ್ತದೆ, ಗುಂಡಿ ಇರುವುದಿಲ್ಲ, ಆದರೆ 80ರಲ್ಲಿ ಹೋದರೆ ಗಾಡಿ ದೋಣಿಯ ಹಾಗೆ ಎದ್ದು ಬಿದ್ದು ಹೋಗುತ್ತದೆ. ಪ್ರತಿ ಸಲ ಬಿದ್ದಾಗಲೂ ಬುಷ್, ಶಾಕ್, ಆರ್ಮ್ ಎಲ್ಲಕ್ಕೂ ಏಟು. ವರ್ಷಕ್ಕೊಂದು ಸಲ ಅಲೈನ್‌ಮೆಂಟ್ ಅನ್ನುವುದು ಬೆಂಗಳೂರಿನವರಿಗೆ ಸಾಕೇನೋ, ನಾನಂತೂ 5,000 ಕಿಲೋಮೀಟರಿಗೆ ಒಮ್ಮೆ ಅಳತೆ ತೆಗೆಸುತ್ತೇನೆ.

ನಿಮ್ಮ ಹಿಂದಿನ ಟೈರು 255/35. ಅಂದರೆ ರಿಮ್ಮಿಗೂ ರಸ್ತೆಗೂ ನಡುವೆ ಟೈರಿನ ಗೋಡೆ ಬರೀ 89 ಮಿಲಿಮೀಟರ್, ಒಂದು ಗೇಣೂ ಇಲ್ಲ. ಜೊತೆಗೆ ರನ್‌ಫ್ಲಾಟ್. ಗಾಳಿ ಹೋದರೂ ಗಾಡಿಯ ಭಾರ ಹೊರಬೇಕು ಅಂತ ಆ ಗೋಡೆಯನ್ನೇ ಗಟ್ಟಿ ಮಾಡಿರುತ್ತಾರೆ. ಪೂರ್ತಿ ಗಾಳಿ ಹೋದರೂ ಸಾಮಾನ್ಯವಾಗಿ 80 ಕಿಲೋಮೀಟರ್ ವೇಗದಲ್ಲಿ 80 ಕಿಲೋಮೀಟರ್ ದೂರ ಹೋಗಬಹುದು, ಅದು ದೊಡ್ಡ ಅನುಕೂಲವೇ. ಆದರೆ ಆ ಗಟ್ಟಿ ಗೋಡೆ ಏಟನ್ನು ತಾನು ನುಂಗದೆ ಬುಷ್‌ಗೆ ದಾಟಿಸುತ್ತದೆ.

17 ಇಂಚಿನ ರಿಮ್ ನಿಮ್ಮ ಗಾಡಿಯ ಬ್ರೇಕಿನ ಮೇಲೆ ಕೂರುತ್ತದಾ ಅಂತ ಮೊದಲು ವಿಚಾರಿಸಿ. ಕೂತರೆ ಹಿಂದೆ 255/40 ಆರ್17, ಮುಂದೆ 225/45 ಆರ್17 ಲೆಕ್ಕಕ್ಕೆ ಬರುತ್ತವೆ. 255/35 ಆರ್18ರ ಪೂರ್ತಿ ಎತ್ತರ 636 ಮಿಲಿಮೀಟರ್, 255/40 ಆರ್17ರದ್ದೂ 636. ಸ್ಪೀಡೋಮೀಟರ್ ತಪ್ಪುವುದಿಲ್ಲ. ಗೋಡೆ ಮಾತ್ರ 89ರಿಂದ 102ಕ್ಕೆ ಏರುತ್ತದೆ. ನಮ್ಮ ರಸ್ತೆಗೆ ಆ 13 ಮಿಲಿಮೀಟರ್ ಕಮ್ಮಿಯಲ್ಲ. ನಾನು 18ರಿಂದ 17ಕ್ಕೆ ಇಳಿದ ಮೇಲೆ ಟೈರಿಗೆ ಗುಳ್ಳೆ ಬರುವುದು ನಿಂತಿದೆ, ಮೊದಲು ವರ್ಷಕ್ಕೆ ಎರಡು ಟೈರು ಗುಳ್ಳೆ ಬಂದೇ ಹೋಗುತ್ತಿದ್ದವು.

ಗಾಳಿಯ ವಿಷಯ. ಬೆಳಿಗ್ಗೆ ಗಾಡಿ ತೆಗೆಯುವ ಮುಂಚೆ, ಟೈರು ತಣ್ಣಗಿದ್ದಾಗ ನೋಡಿ. ಐದಾರು ಡಿಗ್ರಿ ಸೆಖೆ ಏರಿದರೆ ಒಂದು ಪಿಎಸ್‌ಐ ಏರುತ್ತದೆ. ಏಪ್ರಿಲ್‌ನಲ್ಲಿ ನಮ್ಮಲ್ಲಿ ಬೆಳಿಗ್ಗೆ 22 ಇದ್ದದ್ದು ಮಧ್ಯಾಹ್ನ 38 ಆಗುತ್ತದೆ, ಅದರಲ್ಲೇ ಮೂರು ಪಿಎಸ್‌ಐ ಬಂತು, ಓಡಿದ ಕಾವು ಬೇರೆ. ಮಧ್ಯಾಹ್ನ ಬಂಕಿನಲ್ಲಿ ಬಿಸಿ ಟೈರಿಗೆ ಸ್ಟಿಕರಿನ ಅಂಕಿ ನೋಡಿ ಗಾಳಿ ಬಿಟ್ಟರೆ ಮರುದಿನ ಬೆಳಿಗ್ಗೆ ಕಮ್ಮಿ ಇರುತ್ತದೆ, ಎರಡೂ ಅಂಚು ತಿನ್ನುತ್ತದೆ. ಜಾಸ್ತಿ ತುಂಬಿದರೆ ನಡುಭಾಗ ತಿನ್ನುತ್ತದೆ. ಒಂದು ಒಳ್ಳೇ ಗೇಜ್ ಮನೆಯಲ್ಲೇ ಇಟ್ಟುಕೊಳ್ಳಿ.


ಟೈರ್_ಗೋದಾಮು (ಹುಬ್ಬಳ್ಳಿ):

ನಾನು ಟೈರು ವ್ಯಾಪಾರದಲ್ಲೇ ಇದ್ದೇನೆ. ಅಂಗಡಿ ಹೆಸರು ಹೇಳುವುದಿಲ್ಲ, ಮಾರಾಟಕ್ಕೆ ಬಂದಿಲ್ಲ. ಯಾವುದು ಜಾಸ್ತಿ ಓಡುತ್ತದೆ ಅಂತ ಕೇಳಿದಿರಲ್ಲ, ಅದಕ್ಕೆ ಉತ್ತರ.

ಎಷ್ಟೋ ಟೈರುಗಳ ಗೋಡೆಯ ಮೇಲೆ ಟ್ರೆಡ್‌ವೇರ್ ಅಂತ ಬರೆದು ಒಂದು ಅಂಕಿ ಅಚ್ಚಾಗಿರುತ್ತದೆ. ಇದು ಅಮೆರಿಕ ಸರ್ಕಾರದ ನಿಯಮದ ಪ್ರಕಾರ ಬರುವ ಅಂಕಿ. ಟೆಕ್ಸಾಸಿನಲ್ಲಿ ಸುಮಾರು 640 ಕಿಲೋಮೀಟರಿನ ಒಂದು ಗೊತ್ತಾದ ರಸ್ತೆ ಸುತ್ತು ಇದೆ. ಅದರ ಮೇಲೆ ಪರೀಕ್ಷೆಯ ಟೈರು ಹಾಕಿದ ಗಾಡಿ, ಮಾದರಿ ಟೈರು ಹಾಕಿದ ಗಾಡಿ ಎರಡನ್ನೂ ಒಟ್ಟಿಗೆ 7,200 ಮೈಲಿ, ಅಂದರೆ ಹನ್ನೊಂದೂವರೆ ಸಾವಿರ ಕಿಲೋಮೀಟರ್ ಓಡಿಸಿ ಸವೆತ ಅಳೆಯುತ್ತಾರೆ. ಮಾದರಿ ಟೈರಿಗೆ 100 ಅಂತ ಹಿಡಿದರೆ ಅದರ ಎರಡು ಪಟ್ಟು ಬಾಳುವುದಕ್ಕೆ 200, ಮೂರು ಪಟ್ಟಿಗೆ 300. ಆದರೆ ಪರೀಕ್ಷೆ ಮಾಡಿ ಅಂಕಿ ಹಾಕುವುದು ಟೈರು ಕಂಪನಿಯವರೇ. ಒಬ್ಬರು ಧಾರಾಳವಾಗಿ ಹಾಕುತ್ತಾರೆ, ಇನ್ನೊಬ್ಬರು ಕೈ ಬಿಗಿ ಹಿಡಿದು ಹಾಕುತ್ತಾರೆ. ಆದ್ದರಿಂದ ಒಂದು ಕಂಪನಿಯ 400ನ್ನು ಇನ್ನೊಂದು ಕಂಪನಿಯ 300ರ ಜೊತೆ ತೂಗಬೇಡಿ. ಒಂದೇ ಕಂಪನಿಯ ಒಳಗೆ ಹೋಲಿಸಿದರೆ ಅರ್ಥ ಇದೆ. ಮಿಶೆಲಿನ್ ಪೈಲಟ್ ಸ್ಪೋರ್ಟ್ 4ಎಸ್ ಮೇಲೆ 300 ಇರುತ್ತದೆ, ಅದೇ ಕಂಪನಿಯವರು ಅಮೆರಿಕದಲ್ಲಿ ಮಾರುವ ಪೈಲಟ್ ಸ್ಪೋರ್ಟ್ ಆಲ್ ಸೀಸನ್ 4 ಮೇಲೆ 540. ಇಲ್ಲಿ ಎರಡನೆಯದು ಜಾಸ್ತಿ ಓಡುತ್ತದೆ ಅಂತ ಧೈರ್ಯವಾಗಿ ಹೇಳಬಹುದು.

ಇನ್ನೊಂದು ಮಾತು ಯಾರೂ ಗಿರಾಕಿಗೆ ಹೇಳುವುದಿಲ್ಲ. ಮುಂದೆ ಒಂದು ಅಳತೆ ಹಿಂದೆ ಒಂದು ಅಳತೆ ಇರುವ ಗಾಡಿಯಲ್ಲಿ ಮುಂದಿನ ಟೈರು ಹಿಂದಕ್ಕೆ, ಹಿಂದಿನದು ಮುಂದಕ್ಕೆ ಹಾಕಿ ತಿರುಗಿಸಲು ಬರುವುದಿಲ್ಲ. ಪವರ್ ಹಿಂದೆ, ತಿರುಗಿಸುವ ದಾರಿಯೂ ಇಲ್ಲ. ಅಮೆರಿಕದಲ್ಲಿ ಮಿಶೆಲಿನ್ ಕೊಡುವ ಮೈಲೇಜ್ ವಾರಂಟಿಯಲ್ಲೇ ಇಂಥ ಗಾಡಿಗಳ ಹಿಂದಿನ ಟೈರಿಗೆ ಅರ್ಧ ಅಂತ ಬರೆದಿದೆ. ಆದ್ದರಿಂದ ಎಲ್ಲಾ ಸರಿ ಇದ್ದರೂ ನಿಮ್ಮ ಹಿಂದಿನ ಟೈರು ಸಾಮಾನ್ಯ ಸೆಡಾನಿನ ಹಾಗೆ 50 ಸಾವಿರ ಓಡುವುದಿಲ್ಲ. 20, 25 ಸಾವಿರ ಸಮವಾಗಿ ಸವೆದು ಹೋದರೆ ಖುಷಿ ಪಡಿ.

ಕೊಳ್ಳುವಾಗ ಗೋಡೆ ಮೇಲೆ ಡಿಒಟಿ ಅಂತ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ, ಅದು ತಯಾರಾದ ವಾರ. 2324 ಅಂತ ಇದ್ದರೆ 2024ರ 23ನೇ ವಾರದ್ದು. ನಿಮ್ಮ ಅಳತೆ ಇಲ್ಲಿ ದಿನಾ ಖರ್ಚಾಗುವುದಲ್ಲ, ಎಲ್ಲೋ ಗೋದಾಮಿನಲ್ಲಿ ಮೂರು ವರ್ಷ ಬಿದ್ದದ್ದನ್ನು ತಂದು ಕೊಡಬಹುದು. ಸುಮ್ನೆ ಇಟ್ಟರೂ ರಬ್ಬರ್ ಒಣಗುತ್ತದೆ. ಐಎಸ್‌ಐ ಗುರುತು ಇರಲೇಬೇಕು. 2020ರ ಜೂನ್‌ನಲ್ಲಿ ಟೈರು ಆಮದಿಗೆ ಸರ್ಕಾರ ನಿರ್ಬಂಧ ಹಾಕಿದ ಮೇಲೆ ಇಂಥ ಅಳತೆಗಳು ಸಿಗುವುದು ಕಷ್ಟ ಆಗಿದೆ. ಬೆಂಗಳೂರಿನಿಂದ ತರಿಸಿಕೊಡುತ್ತೇವೆ ಅಂದರೆ ಬೇಡ ಅನ್ನಬೇಡಿ, ತಯಾರಾದ ವಾರ ಕೇಳಿ ಆಮೇಲೆ ಮುಂಗಡ ಕೊಡಿ.


ವರದಾ_ತೀರ (ಹಾವೇರಿ):

ಗಟ್ಟಿ ಟೈರು ಹಾಕಿ ಅಂತ ಅಂಗಡಿಯವರು ಹೇಳಿದ್ದನ್ನು ಓದಿ ನನ್ನ ಕಥೆ ಹೇಳಲೇಬೇಕು ಅನ್ನಿಸಿತು. ನನ್ನದೂ ಹಿಂದಿನ ಗಾಲಿಗೆ ಪವರ್ ಇರುವ ಗಾಡಿ. ಎರಡು ಸೆಟ್ ಟೈರು ಬೇಗ ಹೋದವು ಅಂತ ಸಿಟ್ಟಿನಲ್ಲಿ ಸಿಕ್ಕಿದ್ದರಲ್ಲೇ ಎಲ್ಲಕ್ಕಿಂತ ಗಟ್ಟಿಯಾದದ್ದನ್ನು ಹಿಂದೆ ಎರಡಕ್ಕೆ ಹಾಕಿಸಿದೆ. ಮುಂದೆ ಹಳೇ ಸ್ಪೋರ್ಟ್ಸ್ ಟೈರೇ ಇದ್ದವು. ಬೇಸಿಗೆ ಪೂರ್ತಿ ಏನೂ ತೊಂದರೆ ಇಲ್ಲ. ಸವೆತ ಇಲ್ಲವೇ ಇಲ್ಲ, ಭಾಳ ಖುಷಿಯಾಗಿದ್ದೆ.

ಜೂನ್ ಮೊದಲ ವಾರ. ಹುಬ್ಬಳ್ಳಿಯಿಂದ ಬರುತ್ತಾ ಶಿಗ್ಗಾಂವಿ ದಾಟಿದ್ದೆ, ಮೊದಲ ಮಳೆ ಬಿದ್ದು ಕಾಲು ಗಂಟೆ ಆಗಿರಬೇಕು. ರಸ್ತೆಯ ಮೇಲಿನ ಎಣ್ಣೆ, ಧೂಳು ಎಲ್ಲಾ ಕಲಸಿ ಜಾರುಮಯ. ಮುಂದೆ ಮೆಣಸಿನಕಾಯಿ ಚೀಲ ತುಂಬಿದ ಲಾರಿ ಬ್ರೇಕ್ ಹಾಕಿತು. ನಾನೂ ಹಾಕಿ ಸ್ವಲ್ಪ ಎಡಕ್ಕೆ ಎಳೆದೆ. ಮುಂದಿನ ಟೈರು ಹಿಡಿಯಿತು, ಹಿಂದಿನದು ಹಿಡಿಯಲಿಲ್ಲ. ಗಾಡಿ ಬಾಲ ತಿರುಗಿಸಿ ಡಿವೈಡರ್ ಕಡೆ ಮುಖ ಮಾಡಿ ನಿಂತಿತು. ಹಿಂದೆ ಗಾಡಿ ಇರಲಿಲ್ಲ, ದೇವರು ದೊಡ್ಡವನು. ಮಗಳು ಪಕ್ಕದಲ್ಲಿದ್ದಳು, ಐದು ನಿಮಿಷ ಮಾತೇ ಆಡಲಿಲ್ಲ.

ಬಾಳಿಕೆ ಬೇಕು, ನಾನು ಇಲ್ಲ ಅನ್ನುವುದಿಲ್ಲ. ಆದರೆ ಒದ್ದೆ ರಸ್ತೆಯಲ್ಲಿ ಹಿಡಿತ ಹೇಗಿದೆ ಅನ್ನುವುದನ್ನು ಮೊದಲು ನೋಡಿ. ಟ್ರೆಡ್‌ವೇರ್ ಅಂಕಿಯ ಪಕ್ಕದಲ್ಲೇ ಟ್ರ್ಯಾಕ್ಷನ್ ಅಂತ ಎಎ, ಎ, ಬಿ, ಸಿ ಇರುತ್ತದೆ. ಒದ್ದೆ ನೆಲದ ಮೇಲೆ ನೆಟ್ಟಗೆ ಬ್ರೇಕ್ ಹಾಕಿದಾಗ ಎಷ್ಟು ಹಿಡಿಯುತ್ತದೆ ಅನ್ನುವುದರ ದರ್ಜೆ ಅದು. ಎಎ ಅಥವಾ ಎ ಬಿಟ್ಟು ಕೆಳಗೆ ಇಳಿಯಬೇಡಿ. ಮುಂದೆ ಒಂದು ಜಾತಿ ಹಿಂದೆ ಒಂದು ಜಾತಿ ಹಾಕಲೇಬೇಡಿ. ಕಾನೂನಿನಲ್ಲಿ 1.6 ಮಿಲಿಮೀಟರ್ ತನಕ ಓಡಿಸಬಹುದು, ಕಚ್ಚಿನ ನಡುವಿನ ಸಣ್ಣ ದಿಬ್ಬ ಅದರ ಗುರುತು. ನಾನು ಈಗ 3 ಮಿಲಿಮೀಟರಿಗೆ ಬಂದ ಕೂಡಲೇ ಮಳೆಗಾಲಕ್ಕೆ ಮುಂಚೆ ಬದಲಿಸಿಬಿಡುತ್ತೇನೆ.


ಟೈರ್_ಗೋದಾಮು (ಹುಬ್ಬಳ್ಳಿ):

ವರದಾ ತೀರದವರು ಹೇಳಿದ್ದು ನೂರಕ್ಕೆ ನೂರು ನಿಜ. ಒಂದು ಸೇರಿಸುತ್ತೇನೆ. ಗಟ್ಟಿ ಟೈರು ಹುಡುಕುವಾಗ ವೇಗದ ಅಕ್ಷರ ಕೆಳಗಿಳಿದಿರುತ್ತದೆ, ಅದನ್ನು ಗಮನಿಸುವುದಿಲ್ಲ. ವಿ ಅಂದರೆ 240, ಡಬ್ಲ್ಯು 270, ವೈ 300 ಕಿಲೋಮೀಟರ್. ನಮ್ಮ ರಸ್ತೆಯಲ್ಲಿ ಆ ವೇಗ ಯಾರೂ ಹೋಗುವುದಿಲ್ಲ, ಹೋಗಲೂ ಬಾರದು. ಆದರೆ ಆ ಅಕ್ಷರ ಟೈರು ತಡೆಯುವ ಕಾವನ್ನೂ ಹೇಳುತ್ತದೆ. ಭಾರದ ಅಂಕಿಯೂ ಹಾಗೆಯೇ, 91 ಅಂದರೆ ಒಂದು ಟೈರಿಗೆ 615 ಕಿಲೋ, 94 ಅಂದರೆ 670. ಕಾರಿನ ಪುಸ್ತಕದಲ್ಲಿ ಇದ್ದದ್ದಕ್ಕಿಂತ ಕಮ್ಮಿ ಹಾಕಿಸಬೇಡಿ.


ಕೆಲಗೇರಿ_ಕೆರೆ (ಧಾರವಾಡ):

ಐದು ವಾರ ಆಯಿತು, ಏನಾಯಿತು ಅಂತ ಹೇಳಲು ಬಂದೆ.

ಅಲೈನ್‌ಮೆಂಟ್ ಅಣ್ಣಾರ ಅನುಮಾನ ಸರಿಯಾಗಿತ್ತು. ಹಿಂದಿನ ಎಡ ಆರ್ಮಿನ ಬುಷ್ ಹರಿದು ಎರಡು ತುಂಡಾಗಿತ್ತು. ಮೆಕ್ಯಾನಿಕ್ ಸಲಾಕೆ ಹಾಕಿ ಮೀಟಿದಾಗ ಇಡೀ ಗಾಲಿ ಹೊರಕ್ಕೆ ತೆರೆದುಕೊಂಡಿದ್ದನ್ನು ಕಣ್ಣಾರೆ ನೋಡಿದೆ. ಬಲಗಡೆಯದೂ ಬಿರುಕು ಬಿಟ್ಟಿತ್ತು, ಎರಡೂ ಬದಲಿಸಿದೆವು. ಓರೆ ವಾಷರಿನ ಬೋಲ್ಟ್ ಅಲ್ಲಾಡಲಿಲ್ಲ, ಎಣ್ಣೆ ಬಿಟ್ಟು ಎರಡು ರಾತ್ರಿ ಬಿಟ್ಟ ಮೇಲೆ ಬಂತು. ಅಳತೆಗೆ ಇಟ್ಟಾಗ ಎಡ ಹಿಂದಿನ ಟೋ 0.3 ಡಿಗ್ರಿ ಹೊರಕ್ಕೆ ಇತ್ತು, ಒಳಕ್ಕೆ ಇರಬೇಕಾದದ್ದು. ನನ್ನ ಮಾಡೆಲಿಗೆ ಸೀಟಿನ ಮೇಲೆ ತೂಕ ಇಡಬೇಕು ಅಂತ ಪುಸ್ತಕದಲ್ಲಿ ಇತ್ತು. ಅಲ್ಲಿ ತೂಕದ ಕಲ್ಲು ಇರಲಿಲ್ಲ. ಮನೆಗೆ ಹೋಗಿ ಜೋಳದ ಚೀಲ ತಂದು, ತಕ್ಕಡಿಗೆ ಹಾಕಿ ತೂಗಿ, ಎರಡೂ ಸೀಟಿನಲ್ಲಿ ಬೆಲ್ಟ್ ಹಾಕಿ ಕೂರಿಸಿದೆವು. ಈಗ ನಾಲ್ಕೂ ಸಾಲು ಹಸಿರು, ಮೊದಲಿನದು ಆಮೇಲಿನದು ಎರಡೂ ಚೀಟಿ ನನ್ನ ಹತ್ತಿರ ಇವೆ.

17 ಇಂಚು ವಿಚಾರಿಸಿದೆ, ಗದಗಿನವರೇ. ನನ್ನ ಬ್ರೇಕ್ ಕ್ಯಾಲಿಪರಿಗೆ ತಾಗುವಷ್ಟು ಹತ್ತಿರ ಬರುತ್ತದೆ ಅಂದರು, ಧೈರ್ಯ ಸಾಲಲಿಲ್ಲ. 18ರಲ್ಲೇ ಉಳಿದೆ. ರನ್‌ಫ್ಲಾಟ್ ಬಿಟ್ಟು ಸಾಮಾನ್ಯ ಟೈರಿಗೆ ಬಂದೆ, ನಾಲ್ಕೂ ಪೈಲಟ್ ಸ್ಪೋರ್ಟ್ 4ಎಸ್. ಸ್ಟೆಪ್ನಿ ಇಡಲು ಜಾಗ ಇಲ್ಲ, ಅದಕ್ಕೆ ಡಿಕ್ಕಿಯಲ್ಲಿ ಪಂಕ್ಚರ್ ಕಿಟ್, ಗಾಳಿ ಪಂಪ್ ಇಟ್ಟಿದ್ದೇನೆ. ಅಂಗಡಿಯಲ್ಲಿ ಇನ್ನೂ ಜಾಸ್ತಿ ಅಂಕಿಯದು ತೋರಿಸಿದರು. ಶಿಗ್ಗಾಂವಿಯ ಹತ್ತಿರ ಆದದ್ದನ್ನು ಓದಿದ ಮೇಲೆ ಕೈ ಬರಲಿಲ್ಲ. ಗಾಡಿ ಈಗ ಎಷ್ಟು ಮೆತ್ತಗೆ ಹೋಗುತ್ತದೆ ಅಂದರೆ ಬೈಪಾಸಿನ ಕೆಲಸ ನಡೆಯುವ ಕಡೆಯ ತಗ್ಗು ದಿಬ್ಬ ಕೂಡ ಬೆನ್ನಿಗೆ ತಟ್ಟುವುದಿಲ್ಲ.

ಆಳ ಅಳೆಯುವ ಗೇಜ್ ತಗೊಂಡಿದ್ದೇನೆ. ಹಾಕಿದ ದಿನ ಹಿಂದಿನ ಟೈರು ಒಳಗೆ, ನಡುವೆ, ಹೊರಗೆ ಮೂರೂ ಕಡೆ 7.5 ಇತ್ತು. 1,400 ಕಿಲೋಮೀಟರ್ ಆಯಿತು, ನಿನ್ನೆ ಅಳೆದರೆ ಒಳಗೆ 7.2, ನಡುವೆ 7.2, ಹೊರಗೆ 7.3. ಅಂಗೈ ಸವರಿದರೆ ಎರಡೂ ಕಡೆಗೆ ಒಂದೇ ಥರ. ಆ ಪಂಕ್ಚರ್ ಅಂಗಡಿಗೂ ಹೋಗಿ ಹುಡುಗನಿಗೆ ತೋರಿಸಿ ಬಂದೆ, ಬೆರಳು ವಾಸಿ ಆಗಿದೆ. ಈ ಸಲ ಕೈಗವಸು ಹಾಕಿಕೊಂಡೇ ಒಳಗೆ ಸವರಿ ನೋಡಿದ.


ಅಲೈನ್‌ಮೆಂಟ್_ಅಣ್ಣ (ಗೋಕುಲ ರಸ್ತೆ, ಹುಬ್ಬಳ್ಳಿ):

ಭಾಳ ಸಂತೋಷ ಸರ್. ಬುಷ್ ಹೊಸದು ಹಾಕಿದ್ದೀರಿ, ಅದು ಕೂರಲು ಸ್ವಲ್ಪ ಓಡಬೇಕು. 2,000 ಕಿಲೋಮೀಟರಿಗೆ ಇನ್ನೊಂದು ಸಲ ಟೋ ನೋಡಿಸಿ, ಅಷ್ಟರಲ್ಲೇ ಬೋಲ್ಟ್ ಬಿಗಿಯನ್ನೂ ನೋಡಿಸಿಬಿಡಿ. ಆಳ ಅಳೆಯುವಾಗ ಗೇಜಿನ ಮುಳ್ಳು ಕಚ್ಚಿನ ನಡುವಿನ ಆ ಸಣ್ಣ ದಿಬ್ಬದ ಮೇಲೆ ಕೂರದ ಹಾಗೆ ನೋಡಿಕೊಳ್ಳಿ, ಇಲ್ಲದಿದ್ದರೆ 1.6 ಕಮ್ಮಿ ತೋರಿಸುತ್ತದೆ. ಪ್ರತಿ ಸಲ ಒಂದೇ ಜಾಗದಲ್ಲಿ ಅಳೆಯಿರಿ, ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಒಂದು ಗುರುತು ಹಾಕಿಕೊಂಡರೆ ಸಾಕು.